ಹೊಗೆಯಾಡದ ಇದ್ದಿಲು

ನಮ್ಮ ಮನೆಯವರಿಗೆ ಬಾಯಿ ಜಾಸ್ತಿಯಿತ್ತು. ಸತ್ತ ಗಂಡನ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತಾರೆ ಜನ. ಆಡೋಣ. ಆದರೆ ಮೂವತ್ತೆಂಟು ವರ್ಷ ಅವರ ಮಾತು ಕೇಳಿದವಳು ನಾನು, ನನಗೂ ಒಂದಿಷ್ಟು ಹಕ್ಕಿದೆ. ಒಂದು ಕೆಜಿ ಇದ್ದಿಲಿಗೆಂದು ಬಂದವರು ಅದರ ಜೊತೆಗೆ ಮೂರು ಕೆಜಿ ಉಪದೇಶವನ್ನೂ ಹೊತ್ತುಕೊಂಡು ಹೋಗುತ್ತಿದ್ದರು. "ರೀ, ಇದ್ದಿಲನ್ನ ತೂಗ್ತೀರಲ್ಲ, ಮಾತನ್ನೂ ಸ್ವಲ್ಪ ತಕ್ಕಡಿಗೆ ಹಾಕಿ" ಎಂದು ನಾನು ಒಳಗಿಂದ ಕೂಗಿದರೆ, "ಮಾತು ಬಿಟ್ಟಿ ಕಣೇ, ಬಿಟ್ಟಿ ಕೊಡೋದಕ್ಕೆ ತೂಕ ಯಾಕೆ?" ಎಂದು ಅಲ್ಲಿಂದಲೇ ಉತ್ತರ ಬರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ನಾನು ಸೌಟು ಕುಟ್ಟಿ ಸುಮ್ಮನಾಗುತ್ತಿದ್ದೆ.

ಮನೆಯ ಮುಂಭಾಗದಲ್ಲೇ ನಮ್ಮ ಇದ್ದಿಲು ಡಿಪೋ. ತಗಡಿನ ಮಾಡು, ಮೂರು ರಾಶಿ, ಒಂದು ದೊಡ್ಡ ತಕ್ಕಡಿ, ಪುಡಿ ಬೇರೆ ಮಾಡಲು ಒಂದು ಜರಡಿ. ಗೋಡೆ ಕಪ್ಪು, ಕಿಟಕಿಯ ಸರಳು ಕಪ್ಪು, ತಿಂಗಳು ಮುಗಿಯುವಷ್ಟರಲ್ಲಿ ಕ್ಯಾಲೆಂಡರಿನ ತಾರೀಖುಗಳೂ ಕಪ್ಪು. ಮದುವೆಯಾಗಿ ಬಂದ ಹೊಸದರಲ್ಲಿ ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ, ಆಮೇಲೆ ಬುದ್ಧಿ ಬಂತು. ಒಗೆದ ಬಟ್ಟೆಯನ್ನು ಮಾತ್ರ ಹಿತ್ತಲಿನಲ್ಲಿ ಒಣಹಾಕುತ್ತಿದ್ದೆ, ಅಲ್ಲಿಗೆ ಪುಡಿ ಹಾರಿ ಬರುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಅಳುವುದನ್ನೆಲ್ಲ ಅತ್ತು ಮುಗಿಸಿ ಬಹಳ ವರ್ಷಗಳಾಗಿದ್ದವು.

ಬೀದಿಯ ಮಕ್ಕಳು ಅವರನ್ನು ಠಣ್ ಮಾಮ ಎಂದು ಕರೆಯುತ್ತಿದ್ದರು, ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಹೊಸ ಲೋಡು ಬಂದರೆ ಸಾಕು, ಎರಡು ತುಂಡು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುತ್ತಿದ್ದರು. ಠಣ್ ಅಂದರೆ ಪೂರ್ತಿ ಬೆಂದ ಇದ್ದಿಲು. ದಪ್ ಅಂದರೆ ಒಳಗೆ ಇನ್ನೂ ಕಟ್ಟಿಗೆ ಉಳಿದಿದೆ, ಇಲ್ಲವೇ ತೂಕ ಬರಲಿ ಅಂತ ಯಾರೋ ಪುಣ್ಯಾತ್ಮರು ನೀರು ಚಿಮುಕಿಸಿದ್ದಾರೆ. ಮುರಿದು ನೋಡಿದರೆ ಒಳಗೆಲ್ಲ ಹೊಳೆಯಬೇಕು, ಎಲ್ಲಾದರೂ ಕಂದು ಬಣ್ಣ ಕಂಡರೆ ಪಕ್ಕಕ್ಕೆ. ಲಾರಿಯವನು ಎಷ್ಟು ಬೊಬ್ಬೆ ಹಾಕಿದರೂ ಇವರು ಮೂಟೆ ಬಿಚ್ಚದೆ ಇಳಿಸಿಕೊಳ್ಳುತ್ತಿರಲಿಲ್ಲ. ಇಸ್ತ್ರಿಯವನು, ಮೂಲೆಯ ಹೋಟೆಲಿನವನು, ಕುಲುಮೆಯವನು, ಎಲ್ಲರಿಗೂ ಇವರ ಕಿವಿಯ ಮೇಲೆ ನಂಬಿಕೆ. ಆಮೇಲೆ ಊರಿನಲ್ಲಿ ಹಿತ್ತಲಲ್ಲಿ ಮಾಂಸ, ಮೀನು ಸುಟ್ಟು ತಿನ್ನುವ ಹುಚ್ಚು ಶುರುವಾಯಿತು. ಭಾನುವಾರ ಬಂತೆಂದರೆ ಕಾರು ನಿಲ್ಲಿಸಿ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಗ್ರಿಲ್ಲಿಗೆ ಯಾವ ಇದ್ದಿಲು ಒಳ್ಳೇದು?" ಎಂದು ಕೇಳುವವರು ಬರತೊಡಗಿದರು. ಇವರಿಗೆ ಅಷ್ಟು ಸಾಕು. ಮೃದು ಮರದ ಇದ್ದಿಲು ಬೇಗ ಹೊತ್ತಿ ಬೇಗ ಸಾಯುತ್ತದೆ, ಗಟ್ಟಿ ಮರದ್ದು ತಡವಾಗಿ ಹೊತ್ತಿ ಕೊನೆಯವರೆಗೂ ನಿಲ್ಲುತ್ತದೆ, ದೊಡ್ಡ ತುಂಡು ಕೆಳಗೆ, ಸಣ್ಣದು ಮೇಲೆ, ಸೀಮೆಎಣ್ಣೆ ಮುಟ್ಟಿಸಿದರೆ ನನ್ನಾಣೆ, ಮೇಲೆ ಬೂದಿಯ ಬಿಳಿ ಪರದೆ ಬರುವವರೆಗೆ ಮಾಂಸ ಇಡಬೇಡಿ. ಇಷ್ಟನ್ನು ಹೇಳಲು ಅವರಿಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಎಲ್ಲದರ ಕೊನೆಗೆ ಒಂದು ಮಾತಿತ್ತು. ಚೀಲದ ಬಾಯಿಗೆ ದಾರ ಸುತ್ತುತ್ತಾ ಹೇಳುತ್ತಿದ್ದರು: "ಬಾಗಿಲು ಹಾಕಿದ ಕೋಣೇಲಿ ಇದನ್ನ ಇಡಬೇಡಿ. ಹೊಗೆ ಇಲ್ಲ ಅಂತ ನಂಬಬೇಡಿ. ಕೆಂಡ ಸದ್ದಿಲ್ಲದೆ ಕೊಲ್ಲುತ್ತೆ." ಅವರ ಅಪ್ಪನ ಕಾಲದಲ್ಲಿ ಚಳಿಗೆ ಬಾಗಿಲು ಹಾಕಿಕೊಂಡು ಕೆಂಡದ ಬಾಣಲೆ ಇಟ್ಟು ಮಲಗಿದ ಕೂಲಿಯವನೊಬ್ಬ ಬೆಳಗ್ಗೆ ಏಳಲಿಲ್ಲವಂತೆ. ಅಂದಿನಿಂದ ಅಪ್ಪನೂ ಹೇಳಿದ, ಮಗನೂ ಹೇಳಿದ. ದಿನಾ ಇದ್ದಿಲು ಒಯ್ಯುವ ಇಸ್ತ್ರಿಯವನಿಗೂ ದಿನಾ ಹೇಳುತ್ತಿದ್ದರು. "ಮಾಮಾ, ನನ್ನ ಗಾಡಿಗೆ ಬಾಗಿಲೇ ಇಲ್ಲ!" ಎಂದು ಅವನು ಹಲ್ಲು ಕಿರಿಯುತ್ತಿದ್ದ. ದಾರ ಸುತ್ತುವ ಕೈ, ಆ ಮಾತು, ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಅಡುಗೆಮನೆಯಲ್ಲಿ ಕೂತು ನಾನೂ ಬಾಯಿಪಾಠ ಹೇಳಬಲ್ಲವಳಾಗಿದ್ದೆ.

ನಮ್ಮ ಹಿತ್ತಲ ಗೋಡೆಯಾಚೆಗಿನ ಮನೆಗೆ ಹೊಸ ಜೋಡಿಯೊಂದು ಬಾಡಿಗೆಗೆ ಬಂತು. ಹುಡುಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಡಿಮೆ. ಹುಡುಗಿ ಬಸ್ ನಿಲ್ದಾಣದಲ್ಲಿ ವಿಚಾರಣೆ ಅಂತ ಬೋರ್ಡು ಇರುವ ಕಿಟಕಿಯ ಹಿಂದೆ ಕೂರುವವಳು. ಅವರ ಪರಿಚಯವಾದದ್ದು ಜಗಳದಿಂದ. ಒಂದು ಭಾನುವಾರ ನಾನು ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹರವಿ ಬಂದಿದ್ದೆ. ಹತ್ತು ನಿಮಿಷದಲ್ಲಿ ಹಿತ್ತಲೆಲ್ಲ ಹೊಗೆ, ಸೀಮೆಎಣ್ಣೆ ನಾತ. ನನಗೆ ತಲೆ ಕೆಟ್ಟುಹೋಯಿತು.

"ಏನಮ್ಮಾ, ಮನೆಗೇನಾದ್ರೂ ಬೆಂಕಿ ಬಿತ್ತಾ, ಇಲ್ಲ ನಮ್ಮನ್ನ ಹೊಗೆ ಹಾಕಿ ಓಡಿಸ್ತಿದೀರಾ?" ಎಂದು ಗೋಡೆಯ ಕಡೆ ತಿರುಗಿ ಕೂಗಿದೆ.

ಗೋಡೆಯ ಮೇಲೆ ಒಂದು ಮುಖ ಎದ್ದಿತು. ಕಣ್ಣಲ್ಲಿ ನೀರು, ಮೂಗಿನ ತುದಿ ಕಪ್ಪು, ಬಾಯಿ ತುಂಬ ನಗು. "ಅತ್ತೇ, ಬೈಬೇಡಿ. ಮೀನು ಸುಡೋಣ ಅಂತ ಹೊರಟ್ವಿ, ನಾವೇ ಸುಟ್ಟುಹೋದ್ವಿ. ಇದ್ದಿಲು ಹೇಗೆ ಹೊತ್ತಿಸೋದು ಹೇಳಿಕೊಡ್ತೀರಾ?"

ಮೊದಲ ಮಾತಿಗೇ ಅತ್ತೆ ಅಂದವಳನ್ನು ಬೈಯುವುದು ಹೇಗೆ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇವರು ಅಷ್ಟರಲ್ಲಿ ಕೈ ಒರೆಸಿಕೊಂಡು ಡಿಪೋದಿಂದ ಓಡಿ ಬಂದಿದ್ದರು. ಪೇಟೆಯಿಂದ ತಂದ ಆ ಪೊಟ್ಟಣದ ಇದ್ದಿಲನ್ನು ಗೋಡೆಯ ಮೇಲಿಂದ ಇಸಿದುಕೊಂಡು, ಒಂದು ತುಂಡು ಮುರಿದು, ಅವಳ ಕಣ್ಣೆದುರು ಹಿಡಿದು, "ಇದು ಇದ್ದಿಲಲ್ಲಮ್ಮಾ, ಮೈಗೆ ಮಸಿ ಬಳಕೊಂಡ ಸೌದೆ" ಎಂದರು. ಅಲ್ಲಿಂದ ಶುರುವಾದದ್ದು ಸಂಜೆಯಾದರೂ ಮುಗಿಯಲಿಲ್ಲ.

ಆಮೇಲೆ ಪ್ರತಿ ಭಾನುವಾರ ಗೋಡೆಯ ಆ ಕಡೆ ಅವಳು, ಈ ಕಡೆ ಇವರು. ಎಲ್ಲದಕ್ಕೂ ಅವಳದೊಂದು ಪ್ರಶ್ನೆ. ಬೂದಿ ಯಾಕೆ ಬಿಳಿ? ದೊಡ್ಡ ತುಂಡು ಯಾಕೆ ಕೆಳಗೆ? "ವಾರಪೂರ್ತಿ ಊರವರ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದೆ ಮಾಮಾ, ಒಂದು ದಿನ ನಾನು ಕೇಳ್ತೀನಿ, ನೀವು ಹೇಳಿ" ಅನ್ನುತ್ತಿದ್ದಳು. ಇವರಿಗೆ ಸ್ವರ್ಗ ಮೂರೇ ಗೇಣು. ಜೀವನದಲ್ಲಿ ಮೊದಲ ಸಲ ಒಬ್ಬರು ತಾವಾಗಿ ಕೇಳುವವರು ಸಿಕ್ಕಿದ್ದರು. ಅವಳಿಗೆ ಕಣ್ಣು ಮುಚ್ಚಿಸಿ ತುಂಡುಗಳನ್ನು ತಟ್ಟಿ ತೋರಿಸಿದರು. ಮೂರನೆಯ ವಾರ ಅವಳು ಐದಕ್ಕೆ ಐದೂ ಸರಿ ಹೇಳಿದಳು. "ಲೇ ಇವಳೇ, ಹುಡುಗಿಗೆ ಕಿವಿ ಇದೆ ಕಣೇ!" ಎಂದು ಅಡುಗೆಮನೆಗೆ ಬಂದು ನನ್ನ ಎರಡು ಭುಜವನ್ನೂ ಹಿಡಿದು ಅಲುಗಿಸಿದರು. ಬಿಳಿ ರವಿಕೆಯ ಮೇಲೆ ಹತ್ತು ಬೆರಳ ಗುರುತು. ಎಷ್ಟು ಬೈದೆನೋ. ನನಗೂ ಒಳಗೊಳಗೇ ಸಂತೋಷವಾಗಿತ್ತು.

ಅವಳಿಗೆ ಇವರು ಚೀಲ ಕಟ್ಟಿ ಕೊಟ್ಟದ್ದು ಒಂದು ದಿನವೂ ಇಲ್ಲ. ಆರಿಸಿದ ತುಂಡುಗಳನ್ನು ಗೋಡೆಯ ಮೇಲಿಂದ ಕೊಡುತ್ತಿದ್ದರು, ಅವಳು ತನ್ನ ನೀಲಿ ಬಕೆಟ್ಟು ಹಿಡಿಯುತ್ತಿದ್ದಳು. ಮನೆ ಹುಡುಗಿಗೆ ಯಾರಾದರೂ ದಾರ ಸುತ್ತಿ ಮೂಟೆ ಕಟ್ಟಿ ಕೊಡುತ್ತಾರೆಯೇ? ದಾರ ಇಲ್ಲದ್ದರಿಂದ ಆ ಮಾತೂ ಬರಲಿಲ್ಲ. ಇಡೀ ಊರಿಗೆ ದಿನಾ ಹೇಳಿದ್ದನ್ನು ತನಗೆ ಬೇಕಾದವಳೊಬ್ಬಳಿಗೆ ಹೇಳಿರಲಿಲ್ಲ, ಹೇಳಿಲ್ಲ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಅವರಿಬ್ಬರ ಮದುವೆಯಾಗಿ ಒಂದು ವರ್ಷ. "ಮಾಮಾ, ಇವತ್ತು ನಿಮ್ಮ ಹತ್ತಿರ ಇರೋದ್ರಲ್ಲೇ ಒಳ್ಳೇದು ಬೇಕು" ಎಂದಳು. ಹಿಂದಿನ ದಿನ ತಾನೆ ಗಟ್ಟಿ ಮರದ ಲೋಡು ಬಂದಿತ್ತು. ಇವರು ಮಧ್ಯಾಹ್ನ ಹನ್ನೆರಡಕ್ಕೆ ಆರಿಸಲು ಕೂತವರು ಒಂದೂವರೆಯಾದರೂ ಏಳಲಿಲ್ಲ. ಒಂದೊಂದನ್ನೂ ತಟ್ಟಿ, ಕೇಳಿ, ತಿರುಗಿಸಿ, ಪುಡಿ ಊದಿ ಇಡುತ್ತಿದ್ದರು. ಮಗಳಿಗೆ ಒಡವೆ ಆರಿಸುವವರೂ ಅಷ್ಟು ಹೊತ್ತು ಕೂರುವುದಿಲ್ಲ. ನನ್ನ ಅಡುಗೆ ಆರುತ್ತಿತ್ತು, ಹೊಟ್ಟೆ ಹಸಿದಿತ್ತು.

"ರೀ, ಸಾಕು ನಿಮ್ಮ ಪುರಾಣ! ಮಂಗಳ ಹಾಡಿ ಬರ್ತೀರೋ, ನಾನೊಬ್ಬಳೇ ಉಣ್ಲೋ?"

"ಬಂದೆ ಬಂದೆ" ಎಂದು ಬಕೆಟ್ಟು ತುಂಬಿಸಿ ಕೊಟ್ಟು, ಕೈ ತೊಳೆದು ಬಂದು ಕೂತರು. ನಾಲ್ಕು ತುತ್ತು ತಿಂದಿರಬಹುದು. ಐದನೆಯದು ಬಾಯಿಯ ಹತ್ತಿರವೇ ನಿಂತಿತು.

"ಲೇ ಇವಳೇ, ಆ ಹುಡುಗಿಗೆ ನಾನು ಬಾಗಿಲ ಮಾತು ಹೇಳಲೇ ಇಲ್ವಲ್ಲೇ."

"ಯಾವ ಬಾಗಿಲು?"

"ಅದೇ, ಒಳಗೆ ಇಡಬೇಡ ಅಂತ. ಇಷ್ಟು ದಿನ ಹೇಳೇ ಇಲ್ಲ. ತಡಿ, ಹೇಳಿ ಬರ್ತೀನಿ" ಎಂದು ಎದ್ದೇ ಬಿಟ್ಟರು.

ಇಲ್ಲಿಂದ ಮುಂದಿನದು ನನ್ನ ಮಾತು. ನಾನು ಆಡಿದ ಮಾತು, ಅಕ್ಷರ ಬಿಡದೆ ಬರೆಯುತ್ತಿದ್ದೇನೆ. "ಕೂತ್ಕೊಳ್ರಿ ಸುಮ್ನೆ. ಎಂಜಲು ಕೈಲಿ ಎಲ್ಲಿಗೆ ಹೊರಟ್ರಿ? ಅವರು ಸುಡೋದು ಬಯಲಲ್ಲಿ. ಬಯಲಿಗೆ ಎಲ್ಲಿದೆ ಬಾಗಿಲು? ನಾಳೆ ಹೇಳಿದ್ರೆ ಆಕಾಶ ಬೀಳಲ್ಲ."

ಅವರು ಒಂದು ಕ್ಷಣ ನಿಂತೇ ಇದ್ದರು. ನನ್ನ ಮುಖ ನೋಡಿದರು. ಆಮೇಲೆ ನಕ್ಕು, "ಅದೂ ಸರಿಯೇ" ಎಂದು ಕೂತರು. ಊಟ ಮುಗಿಸಿ ಮಲಗಿದರು.

ಎರಡೂವರೆಗೆ ನಾನು ಹಿತ್ತಲಿಗೆ ಪಾತ್ರೆ ತೆಗೆದುಕೊಂಡು ಹೋದಾಗ ಹುಡುಗಿ ಗೋಡೆಯ ಮೇಲಿಂದ ಇಣುಕಿದಳು. ಹೊಸ ಹಸಿರು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ಹಿಂದೆ ಹಿತ್ತಲ ನಡುವೆ ಅವರ ಸಣ್ಣ ಕಬ್ಬಿಣದ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. "ಅತ್ತೇ, ಮಾಮಂಗೆ ಹೇಳಿ, ಒಂಚೂರೂ ಹೊಗೆ ಇಲ್ಲ! ನೋಡಿ, ನಿಮ್ಮ ಬಟ್ಟೆಗೂ ಏನೂ ಆಗಿಲ್ಲ!"

"ಮಲಗಿದಾರೆ. ಎದ್ದ ಮೇಲೆ ಹೇಳ್ತೀನಿ" ಎಂದೆ. ಬಾಯಿಪಾಠ ಬರುತ್ತಿದ್ದ ಆ ಮೂರು ಸಾಲು ನಾನೇ ಹೇಳಬಹುದಿತ್ತು. ಪಾತ್ರೆ ತೊಳೆಯುವಷ್ಟೂ ಹೊತ್ತು ಬೇಕಾಗಿರಲಿಲ್ಲ. ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಅದು ನೆಪದ ಹಾಗೇ ಕೇಳಿಸುತ್ತದೆ.

ಮೂರೂವರೆಗೆ ಗಾಳಿ ಎದ್ದು ಮಳೆ ಬಂತು. ಓಡಿಹೋಗಿ ನನ್ನ ಬಟ್ಟೆ ಬಾಚಿಕೊಂಡೆ. ಗೋಡೆಯಾಚೆ ಅವಳ ಬಟ್ಟೆಗಳೂ ತಂತಿಯ ಮೇಲಿದ್ದವು. "ಏ ಹುಡುಗೀ, ಬಟ್ಟೆ!" ಎಂದು ಕೂಗಿದೆ. ಉತ್ತರವಿಲ್ಲ. ಹೊಸ ಜೋಡಿ, ಮಳೆಗಾಲದ ಮಧ್ಯಾಹ್ನ, ಬಟ್ಟೆ ಯಾರಿಗೆ ಬೇಕು ಎಂದು ಒಬ್ಬಳೇ ನಕ್ಕು ಒಳಗೆ ಬಂದೆ. ಐದು ಗಂಟೆಗೆ ಮಳೆ ನಿಂತಾಗಲೂ ಬಟ್ಟೆಗಳು ನೀರಿಳಿಸುತ್ತಾ ಅಲ್ಲೇ ಇದ್ದವು. ಇವರು ಎದ್ದು ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರು.

"ನಿಮ್ಮ ಶಿಷ್ಯೆ ಹೇಳಿ ಕಳಿಸಿದಾಳೆ, ಒಂಚೂರೂ ಹೊಗೆ ಇರಲಿಲ್ಲವಂತೆ" ಎಂದೆ.

ಅವರ ಮುಖ ಅರಳಿತು. ಗೋಡೆಯ ಮೇಲಿಂದ ಆಚೆ ನೋಡಿದರು. ನೋಡುತ್ತಲೇ ಇದ್ದರು.

"ಒಲೆ ಎಲ್ಲಿ?" ಎಂದರು.

ಅರವತ್ಮೂರು ವರ್ಷದ ಮನುಷ್ಯ ಆ ಗೋಡೆ ಹೇಗೆ ಹತ್ತಿದರೋ ನನಗೆ ಗೊತ್ತಿಲ್ಲ. ನಾನು ಬೀದಿ ಸುತ್ತಿ ಓಡಿ ಹೋಗುವಷ್ಟರಲ್ಲಿ ಅವರು ಕಲ್ಲಿನಿಂದ ಬಾಗಿಲ ಪಕ್ಕದ ಕಿಟಕಿಯ ಗಾಜು ಒಡೆದು, ಒಳಗೆ ಕೈ ತೂರಿಸಿ ಬಾಗಿಲ ಚಿಲಕ ತೆಗೆದಿದ್ದರು. ಕೈಯಿಂದ ರಕ್ತ ಸುರಿಯುತ್ತಿತ್ತು. ಮಳೆಗೆ ಒಲೆ ಆರದಿರಲಿ ಅಂತಲೋ, ಚಳಿಗೆ ಬೆಚ್ಚಗಿರಲಿ ಅಂತಲೋ ಆ ಎರಡು ಮಕ್ಕಳು ಅದನ್ನು ಎತ್ತಿ ಕೋಣೆಯ ನಡುವೆ ಇಟ್ಟುಕೊಂಡಿದ್ದವು. ಕಿಟಕಿಗಳೆಲ್ಲ ಮುಚ್ಚಿದ್ದವು. ಹುಡುಗ ಬಾಗಿಲ ಹತ್ತಿರ ಬೋರಲು ಬಿದ್ದಿದ್ದ, ತೆವಳಿಕೊಂಡು ಬಂದವನು ಇರಬೇಕು. ಅವಳು ಚಾಪೆಯ ಮೇಲೆ ಕೆನ್ನೆಗೆ ಕೈ ಇಟ್ಟುಕೊಂಡು ಮಲಗಿದ್ದಳು. ಕೆಂಡ ಇನ್ನೂ ಕೆಂಪಗಿತ್ತು. ಕೋಣೆಯಲ್ಲಿ ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಗೋಡೆಗೆ ಮಸಿ ಕೂಡ ತಾಗಿರಲಿಲ್ಲ.

ಹುಡುಗ ಉಳಿದ. ಅವಳು ಉಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಇವರು ಆಡಿದ್ದು ಒಂದೇ ಮಾತು. "ಹಸಿ ಇದ್ದಿಲು ಕೊಟ್ಟಿದ್ರೆ ಬದುಕ್ತಿದ್ಳು ಕಣೇ. ಹೊಗೆಗೆ ಕೆಮ್ಮಿ, ಕಣ್ಣುರಿ ತಡೀಲಾರದೆ ಬಾಗಿಲು ತೆಗೀತಿದ್ರು. ಆರಿಸಿ ಆರಿಸಿ ಕೊಟ್ಟೆ ನಾನು." ನಾನು ಅವರ ಕೈಯ ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ಎದ್ದು ನಿಂತವರನ್ನು ಕೂರಿಸಿದ್ದು ನಾನು ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬೀದಿಯವರು ಒಳ್ಳೆಯವರೇ. ಇಸ್ತ್ರಿಯವನು ಬಂದು ಕಾಲ ಬಳಿ ಕೂತು, "ಮಾಮಾ, ಯಾರು ಕೇಳಿದ್ರೂ ಹೇಳಿದ್ದೆ ಅಂತಲೇ ಅನ್ನಿ. ನೀವು ಹೇಳದೆ ಯಾರಿಗೆ ಕೊಟ್ಟಿದೀರಿ? ನಾವೆಲ್ಲ ಸಾಕ್ಷಿ ಇದೀವಿ" ಎಂದ. ಅವನು ಮನಸಾರೆ ನಂಬಿಯೇ ಹೇಳಿದ್ದ. ನಾನೂ ಅದನ್ನೇ ಹೇಳಿದೆ. "ಹೇಳಿದ್ದೆ ಅನ್ನಿ. ಸತ್ತವಳು ಬಂದು ಇಲ್ಲ ಅಂತಾಳಾ?" ಇಂಥ ಮಾತು ನನ್ನ ಬಾಯಿಂದ ಬಂತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಹುಡುಗ ಬಂದ. ಮಧ್ಯಾಹ್ನದ ಹೊತ್ತು, ಡಿಪೋದಲ್ಲಿ ಇವರೊಬ್ಬರೇ. ನಾನು ನಡುಬಾಗಿಲ ಹಿಂದೆ ನಿಂತಿದ್ದೆ. ಕೂರು ಅಂದರೂ ಕೂರಲಿಲ್ಲ.

"ಮಾಮಾ, ಒಂದೇ ಒಂದು ಕೇಳ್ತೀನಿ. ಆ ದಿನದ್ದು ನನಗೆ ಏನೂ ನೆನಪಿಲ್ಲ. ಒಳಗೆ ಇಡಬಾರದು ಅಂತ ನೀವು ಹೇಳಿದ್ರಂತೆ, ಎಲ್ಲರಿಗೂ ಹೇಳ್ತೀರಂತೆ. ನಮಗೂ ಹೇಳಿದ್ರಾ? ನೀವು ಹೇಳಿ ನಾನು ಮರೆತ್ನಾ?"

ನಮ್ಮ ಮನೆಯವರು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಲವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಅವರು ಆ ಹುಡುಗನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಬಾಗಿಲ ಹಿಂದೆ ಮನಸ್ಸಿನಲ್ಲೇ ಅವರನ್ನು ಬೇಡುತ್ತಿದ್ದೆ: ಹೇಳಿ, ಹೂಂ ಅನ್ನಿ, ಇಲ್ಲವೇ ನಿಜ ಹೇಳಿ, ಹೇಳೋಕೆ ಎದ್ದಿದ್ದೆ, ಇವಳು ಕೂರಿಸಿದಳು ಅಂತ ನನ್ನ ಕಡೆ ಕೈ ತೋರಿಸಿ.

"ಇಲ್ಲಪ್ಪಾ, ನಾನು ಹೇಳಲಿಲ್ಲ. ಮರೆತೆ. ನಿಂದೇನೂ ತಪ್ಪಿಲ್ಲ" ಎಂದರು.

ಹುಡುಗನ ಮುಖ ಹೇಗೋ ಆಯಿತು. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಅವನು "ಸರಿ" ಎಂದು ಹೊರಟುಹೋದ. ಅದೇ ವಾರ ಮನೆ ಖಾಲಿ ಮಾಡಿದ. ಅವಳ ತಾಯಿಯ ಕಡೆಯವರ ಬಾಯಿಂದ ಮಾತು ಊರೆಲ್ಲ ಹರಡಿತು: ಹೇಳದೆ ಕೊಟ್ಟು ಕೊಂದವನು. ಕಾರಿನಲ್ಲಿ ಬರುತ್ತಿದ್ದ ಭಾನುವಾರದ ಗಿರಾಕಿಗಳು ಬರುವುದು ನಿಂತಿತು. ಮಕ್ಕಳನ್ನು ತಾಯಂದಿರು ನಮ್ಮ ಬಾಗಿಲ ಮುಂದೆ ಕೈ ಹಿಡಿದು ಬೇಗ ಬೇಗ ಕರೆದುಕೊಂಡು ಹೋಗುತ್ತಿದ್ದರು.

ನನ್ನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಆ ಬಾಯಿ ಒಂದು ವಾಕ್ಯ ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಒಂದು ಸಲ ಮಾತ್ರ, ಅವರು ಪುಡಿ ಜರಡಿ ಹಿಡಿಯುತ್ತಿದ್ದಾಗ ಹತ್ತಿರ ಹೋಗಿ, "ರೀ, ಅವತ್ತು ನಾನು ನಿಮ್ಮನ್ನ..." ಎಂದು ಶುರುಮಾಡಿದೆ.

"ಊಟಕ್ಕೆ ಕರೆದೆ. ಹೆಂಡತಿ ಗಂಡನ್ನ ಊಟಕ್ಕೆ ಕರೆಯೋದು ತಪ್ಪಾ? ಕಾಲಿತ್ತು, ನಾನು ಹೋಗಬಹುದಿತ್ತು. ಬಿಡು" ಎಂದರು. ಮತ್ತೆ ಆ ವಿಷಯ ಎತ್ತಲು ನನಗೆ ಬಿಡಲಿಲ್ಲ.

ಎಷ್ಟು ಮಾತಾಡುತ್ತಿದ್ದ ಮನುಷ್ಯ! ಆಮೇಲಿನ ನಾಲ್ಕು ವರ್ಷ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಲಾರಿಯವನು ಏನು ತಂದು ಸುರಿದರೂ ಸರಿ, ತಟ್ಟಿ ನೋಡುತ್ತಿರಲಿಲ್ಲ. ಹಸಿ, ಒಣಗಿದ್ದು, ಗಟ್ಟಿ, ಮೃದು ಎಲ್ಲ ಒಂದೇ ರಾಶಿ. ಹೋಟೆಲಿನವನು "ಏನ್ ಮಾಮಾ, ಬರೀ ಹೊಗೆ" ಎಂದು ದೂರಿದರೆ, "ಹೊಗೆ ಬರಲಿ ಬಿಡಪ್ಪಾ" ಅನ್ನುತ್ತಿದ್ದರು. ಅವನೂ ಬೇರೆ ಕಡೆ ಹೋದ. ನಾನು ಬೇಕೆಂತಲೇ ಜಗಳ ತೆಗೆಯುತ್ತಿದ್ದೆ, ಉಪ್ಪು ಜಾಸ್ತಿ ಹಾಕುತ್ತಿದ್ದೆ, ಒಂದು ಸಲವಾದರೂ ಬಾಯಿ ಬಿಡಲಿ ಎಂದು. ಅವರು ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಕೊನೆಯ ವರ್ಷ ಎದೆ ಹಿಡಿಯಿತು, ನಾಲ್ಕು ಹೆಜ್ಜೆಗೆ ಏದುಸಿರು. ಹೋದ ತಿಂಗಳು ಬೆಳಗ್ಗೆ ಕಾಫಿ ಕೊಡಲು ಹೋದಾಗ ಹೋಗಿಬಿಟ್ಟಿದ್ದರು. ಹೆಣ ಎತ್ತಲು ಬಂದವರು ಏಳು ಜನ, ಅದರಲ್ಲಿ ಒಬ್ಬ ಇಸ್ತ್ರಿಯವನು.

ಅವರು ಹೋದ ಮೇಲೆ ನನ್ನನ್ನು ಸುಮ್ಮನಿರು ಅನ್ನುವವರು ಇರಲಿಲ್ಲ. ಹನ್ನೆರಡನೆಯ ದಿನ ಚಪ್ಪಲಿ ಮೆಟ್ಟಿ ಕನ್ನಡಕದ ಅಂಗಡಿಗೆ ಹೊರಟೆ.

ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ. ನೀರು ತೊಟ್ಟಿಕ್ಕುವ ಒಂದು ಚಕ್ರಕ್ಕೆ ಗಾಜಿನ ಅಂಚು ಹಿಡಿದು ಉಜ್ಜುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅಯ್ಯೋ ದೇವರೇ, ಮೂವತ್ತು ದಾಟದ ಹುಡುಗ, ಶರ್ಟನ್ನು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ತಾನು ಕೂತಿದ್ದ ಸ್ಟೂಲನ್ನು ಒರೆಸಿ ನನಗೆ ಕೊಟ್ಟ.

"ನಿಮ್ಮ ಮಾಮ ಹೋದ್ರಪ್ಪಾ."

"ಗೊತ್ತಾಯ್ತು ಅತ್ತೆ. ಬರೋಕೆ ಮುಖ ಇರಲಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಎಂಜಲು ಕೈ, ಬಯಲು, ಬಾಗಿಲು, ನಾಳೆ ಹೇಳಿ ಅಂದದ್ದು, ಅವಳು ಗೋಡೆಯ ಮೇಲಿಂದ ಮಾತಾಡಿಸಿದಾಗ ನಾನು ಬಾಯಿ ಬಿಡದೆ ಪಾತ್ರೆ ತೊಳೆದದ್ದು. "ಅವರು ಹೇಳೋಕೆ ಎದ್ದಿದ್ರು. ನಾನು ಕೂರಿಸಿದೆ. ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ. ಬೈಯಪ್ಪಾ, ಏನು ಬೈಬೇಕೋ ಬೈದುಬಿಡು. ಅದಕ್ಕೇ ಬಂದಿದೀನಿ."

ಅವನು ಕೈ ಚಾಚಿ ಚಕ್ರ ನಿಲ್ಲಿಸಿದ. ಗೋಡೆಗೆ ಒರಗಿ ಕೆಳಗೇ ಕೂತುಬಿಟ್ಟ.

"ಅವಳು ಹೇಳಿದ್ಲು ಅತ್ತೆ. ತಲೆ ಭಾರ ಆಗ್ತಿದೆ, ಕಿಟಕಿ ಸ್ವಲ್ಪ ತೆಗೆಯೋಣ್ವಾ ಅಂತ. ಮಳೆ ನೀರು ಒಳಗೆ ಬರುತ್ತೆ, ಸುಮ್ನೆ ಮಲ್ಕೋ ಅಂದೆ. ನಾನೇ ಅಂದೆ."

"ಏನೂ ನೆನಪಿಲ್ಲ ಅಂದಿದ್ಯಲ್ಲೋ."

"ಅದೊಂದು ನೆನಪಿತ್ತು. ಬೇರೇನೂ ಇರಲಿಲ್ಲ, ಅದೊಂದೇ ಇತ್ತು. ಮಾಮ ಹೇಳಿದ್ದೆ ಅಂದಿದ್ರೆ ನಾನು ಅವತ್ತೇ ಮುಗೀತಿದ್ದೆ. ಹೇಳಲಿಲ್ಲ, ನಿಂದೇನೂ ತಪ್ಪಿಲ್ಲ ಅಂದ್ರು. ಎಲ್ಲಾ ಅವರ ಮೇಲೆ ಹಾಕಿ ಬಂದೆ. ಊರಲ್ಲಿ ಜನ ಅವರನ್ನ ಬೈತಿದ್ದಾಗಲೂ ಸುಮ್ನಿದ್ದೆ."

ನನಗೆ ಎಂಥ ಸಿಟ್ಟು ಬಂತೆಂದರೆ ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಯಾವ ಮುಖ ಇಟ್ಟುಕೊಂಡು ಹೊಡೆಯಲಿ? ಅವನು ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವನಿಗಾದರೂ ಇಪ್ಪತ್ತಾರು ವರ್ಷ, ಹೆಂಡತಿ ಸತ್ತಿದ್ದಳು. ನನ್ನ ಗಂಡ ಬದುಕಿದ್ದರು, ನನ್ನ ಕಣ್ಣೆದುರೇ ದಿನಾ ಸ್ವಲ್ಪ ಸ್ವಲ್ಪ ಸಾಯುತ್ತಿದ್ದರು, ನಾನು ಉಪ್ಪು ಜಾಸ್ತಿ ಹಾಕುತ್ತಾ ಕೂತಿದ್ದೆ.

ಅವನು ತಲೆ ಎತ್ತದೆಯೇ ಕೇಳಿದ. "ಮಾಮ ನನ್ನ ಬಗ್ಗೆ ಏನಾದ್ರೂ ಅಂತಿದ್ರಾ ಅತ್ತೆ?"

ಅನ್ನುತ್ತಿದ್ದರು. ಬೇರೆ ಎಲ್ಲ ಮಾತು ಬಿಟ್ಟ ಮನುಷ್ಯ ಅದೊಂದನ್ನು ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ನನ್ನನ್ನು ಕರೆದು, "ಆ ಹುಡುಗ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನೋ ಇಲ್ವೋ, ಒಂದ್ಸಲ ನೋಡ್ಕೊಂಡು ಬಾ" ಎಂದು ಕಳಿಸುತ್ತಿದ್ದರು. ನಾನು ಹೊರಡುತ್ತಿದ್ದೆ. ಮೂಲೆಯ ಔಷಧಿ ಅಂಗಡಿಯವರೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಕಾಲು ಬರದೆ, ಅರ್ಧ ಗಂಟೆ ನಿಂತು ವಾಪಸು ಬರುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಈ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ.

"ಕೇಳ್ತಿದ್ರು. ಊಟ ಮಾಡ್ತಾನಾ ಅಂತ ಕೇಳ್ತಿದ್ರು" ಎಂದೆ.

"ನೀವೇನಂದ್ರಿ?"

"ನೋಡಿದೆ, ಚೆನ್ನಾಗಿದಾನೆ, ಕೆನ್ನೆ ತುಂಬಿದೆ ಅಂತ ಹೇಳ್ತಿದ್ದೆ."

"ನಂಬ್ತಿದ್ರಾ?"

"ನಂಬ್ತಿದ್ರು. ಅವತ್ತು ಎರಡು ತುತ್ತು ಜಾಸ್ತಿ ಉಣ್ತಿದ್ರು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ನನಗೂ ತಡೆಯಲಾಗಲಿಲ್ಲ.